ಶನಿವಾರ ಪೂರ್ತಿ ಆಟಕ್ಕೇ ಬಿಡಿ: ಆನ್ ಆರ್ಬರ್ ಫುಟ್‌ಬಾಲ್ ಪ್ರವಾಸದ ಪ್ರಶ್ನೆಗಳು

ಆಗಸ್ಟ್ ಮುಗಿಯುತ್ತಿದ್ದಂತೆ ಈ ಅಂಕಣಕ್ಕೆ ಅಮೆರಿಕದಿಂದ ಬರುವ ಪತ್ರಗಳ ರಂಗೇ ಬದಲಾಗುತ್ತದೆ. ವೀಸಾ, ಬಾಡಿಗೆ ಮನೆ, ಊರಿಂದ ಬರುವ ಅಪ್ಪ ಅಮ್ಮನ ಇನ್ಶೂರೆನ್ಸ್ ಎಲ್ಲ ಹಿಂದೆ ಸರಿದು ಕಾಲೇಜ್ ಫುಟ್‌ಬಾಲ್ ಮುಂದೆ ಬರುತ್ತದೆ. ಕಾಲಲ್ಲಿ ಒದೆಯುವ ಆಟ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡು ಹಿಡಿದು ನುಗ್ಗುವ ಅಮೆರಿಕನ್ ಆಟ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಿಷಿಗನ್ ವಿಶ್ವವಿದ್ಯಾಲಯ ಇರುವ ಆನ್ ಆರ್ಬರ್ ಬಗ್ಗೆ, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ನಾನಿರುವುದೂ ಅದೇ ಕಡೆ, ಸ್ವಲ್ಪ ಪಕ್ಷಪಾತ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ಪ್ರಶ್ನೆ: ಮಗಳು ಆನ್ ಆರ್ಬರ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಸೆಪ್ಟೆಂಬರ್ ಕೊನೆಗೆ ನಾನು, ನಮ್ಮ ಯಜಮಾನರು ಹೋಗುತ್ತಿದ್ದೇವೆ. ಮ್ಯಾಚಿಗೆ ಕರ್ಕೊಂಡು ಹೋಗ್ತೀನಿ ಅಂತ ಅವಳು ಕುಣಿಯುತ್ತಿದ್ದಾಳೆ. ಇವರಿಗೆ ಮಂಡಿ ನೋವು. ನನಗೆ ಆ ಆಟದ ಗಂಧಗಾಳಿ ಇಲ್ಲ. ದುಡ್ಡು ದಂಡ ಆಗುತ್ತಾ? ಸುಮ್ನೆ ಮನೇಲಿ ಟೀವಿ ನೋಡೋದು ವಾಸಿನಾ?
(ಒಬ್ಬ ತಾಯಿ, ಹಾಸನ)

ಹೋಗಿ ಅಮ್ಮಾ, ಖಂಡಿತ ಹೋಗಿ. ಟೀವಿಯಲ್ಲಿ ಆಟ ಕಾಣುತ್ತದೆ, ಆ ಕ್ರೀಡಾಂಗಣ ಕಾಣುವುದಿಲ್ಲ. 1927ರಲ್ಲಿ ಕಟ್ಟಿದ್ದು, 1,07,601 ಜನ ಕೂರುತ್ತಾರೆ. 2020ರ ಗಣತಿಯಲ್ಲಿ ಇಡೀ ಆನ್ ಆರ್ಬರ್ ಊರಿನ ಜನಸಂಖ್ಯೆಯೇ 1,23,851, ಅಂದರೆ ಆಟದ ದಿನ ಊರಿನಷ್ಟೇ ದೊಡ್ಡ ಇನ್ನೊಂದು ಊರು ಒಂದೇ ಕಟ್ಟಡದೊಳಗೆ ಕೂತಿರುತ್ತದೆ. ನಮ್ಮ ಚಿನ್ನಸ್ವಾಮಿಯಲ್ಲಿ ಹಿಡಿಯುವುದು ಸುಮಾರು 40 ಸಾವಿರ, ಲೆಕ್ಕ ನೀವೇ ಹಾಕಿ. ಅಹಮದಾಬಾದಿನ ಮೊಟೇರಾ ಇದಕ್ಕಿಂತ ದೊಡ್ಡದು ನಿಜ, ಆದರೆ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಇಲ್ಲಿಯವರು ಇದನ್ನು 'ಬಿಗ್ ಹೌಸ್' ಅಂತಲೇ ಕರೆಯುತ್ತಾರೆ.

ಈಗ ಮಂಡಿ ವಿಷಯ, ಇದೇ ಮುಖ್ಯ. ಈ ಕ್ರೀಡಾಂಗಣದ ಬಹುಭಾಗ ನೆಲದ ಒಳಗಿದೆ. ಹೊರಗಿನಿಂದ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ, ಗೇಟು ದಾಟಿ ಒಳಗೆ ಕಾಲಿಟ್ಟ ಕೂಡಲೇ ಕಾಲ ಕೆಳಗೆ ದೊಡ್ಡ ಬಟ್ಟಲು ತೆರೆದುಕೊಳ್ಳುತ್ತದೆ. ನೋಡಲು ಚೆಂದ, ಆದರೆ ಮೈದಾನಕ್ಕೆ ಹತ್ತಿರದ ಸಾಲು ಬೇಕೆಂದರೆ ಬಹಳ ಮೆಟ್ಟಿಲು ಇಳಿಯಬೇಕು, ಶೌಚಾಲಯಕ್ಕೆ ಹೋಗಬೇಕಾದರೆ ಅಷ್ಟೂ ಹತ್ತಬೇಕು, ಮತ್ತೆ ಇಳಿಯಬೇಕು. ಮುಂದಿನ ಸಾಲು ಸಿಕ್ಕಿತು ಅಂತ ಮಗಳು ಖುಷಿಪಟ್ಟರೆ ನೀವು ಬೇಡ ಅನ್ನಿ. ಒಳಗೆ ಹೋಗುವ ದಾರಿಗೆ ಹತ್ತಿರದ ಸಾಲು ತೆಗೆಯಲು ಹೇಳಿ, ಆಟವೂ ಅಲ್ಲಿಂದಲೇ ಚೆನ್ನಾಗಿ ತಿಳಿಯುತ್ತದೆ, ಯಾರು ಯಾವ ಕಡೆ ಓಡುತ್ತಿದ್ದಾರೆ ಅನ್ನೋದು ಎತ್ತರದಿಂದ ಕಂಡಷ್ಟು ಕೆಳಗಿನಿಂದ ಕಾಣುವುದಿಲ್ಲ. ಮೆಟ್ಟಿಲೇ ಆಗದು ಅನ್ನುವಷ್ಟು ನೋವಿದ್ದರೆ ಗಾಲಿಕುರ್ಚಿಯವರಿಗೆ, ನಡೆಯಲು ಕಷ್ಟವಿರುವವರಿಗೆ ಬೇರೆ ಆಸನಗಳಿವೆ. ಟಿಕೆಟ್ ಕೊಳ್ಳುವಾಗಲೇ ಕೇಳಬೇಕು, ಆ ದಿನ ಹೋಗಿ ಕೇಳಿದರೆ ಸಿಗುವುದು ಕಷ್ಟ.

ಇನ್ನೊಂದು ಮಾತು. ಮಗಳ ಹತ್ತಿರ ವಿದ್ಯಾರ್ಥಿ ಟಿಕೆಟ್ ಇರಬಹುದು, ಅವಳ ಗೆಳತಿಯರ ಟಿಕೆಟ್ಟಲ್ಲಿ ನಿಮ್ಮನ್ನೂ ಕೂರಿಸುವ ಯೋಚನೆ ಇರಬಹುದು. ಬೇಡ. ವಿದ್ಯಾರ್ಥಿಗಳ ಭಾಗದಲ್ಲಿ ಆಟ ಮುಗಿಯುವವರೆಗೂ ಯಾರೂ ಕೂರುವುದೇ ಇಲ್ಲ, ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಾರೆ. ಅದೂ ಅಲ್ಲದೆ ವಿದ್ಯಾರ್ಥಿಯಲ್ಲದವರು ಆ ಟಿಕೆಟ್ ಬಳಸಬೇಕಾದರೆ ಮೊದಲೇ ಹೆಚ್ಚುವರಿ ಹಣ ಕಟ್ಟಿ ಅದನ್ನು ಸರಿಮಾಡಿಸಿಕೊಳ್ಳಬೇಕು. ಒಂದು ದಿನದ ಮಟ್ಟಿಗೆ ಮಗಳನ್ನೇ ನಿಮ್ಮ ಪಕ್ಕ ಕೂರಿಸಿಕೊಳ್ಳಿ.

ಬೆಂಚು ಅಂದೆನಲ್ಲ, ಹೆಚ್ಚಿನ ಜಾಗದಲ್ಲಿ ಅದು ಬರೀ ಉದ್ದನೆಯ ಬೆಂಚೇ, ಒರಗಲು ಏನೂ ಇಲ್ಲ, ನಂಬರಿನ ಗೆರೆ ಮಾತ್ರ. ಭುಜಕ್ಕೆ ಭುಜ ತಾಗಿ ಕೂರಬೇಕು. ಮೇಲೆ ಚಾವಣಿ ಇಲ್ಲ, ಸೆಪ್ಟೆಂಬರಿನಲ್ಲಿ ಮಧ್ಯಾಹ್ನದ ಬಿಸಿಲು ನೇರ ತಲೆಗೆ ಹೊಡೆಯುತ್ತದೆ, ಟೋಪಿ ಇರಲಿ. ಛತ್ರಿ ಒಳಗೆ ಬಿಡುವುದಿಲ್ಲ. ಮಳೆ ಅನ್ನಿಸಿದರೆ ತೆಳು ಪ್ಲಾಸ್ಟಿಕ್ ಕೋಟು ಮಡಚಿ ಜೇಬಿಗೆ ಹಾಕಿಕೊಳ್ಳಿ. ವ್ಯಾನಿಟಿ ಬ್ಯಾಗು ಮನೆಯಲ್ಲೇ ಬಿಡಿ. ಇಲ್ಲಿ ಬ್ಯಾಗಿನ ವಿಷಯದಲ್ಲಿ ಬಹಳ ಬಿಗಿ, ಗೇಟಿನಲ್ಲಿ ವಾಪಸ್ ಕಳಿಸಿದರೆ ಕಾರಿಗೆ ಮೈಲಿಗಟ್ಟಲೆ ನಡೆಯಬೇಕಾಗುತ್ತದೆ. ಮಾತ್ರೆ, ಕನ್ನಡಕ, ಫೋನು ಜೇಬಿನಲ್ಲಿ.

ಆಟ ಅರ್ಥವಾಗದಿದ್ದರೆ ಚಿಂತೆ ಬೇಡ. ಶುರುವಾಗುವ ಅರ್ಧ ಗಂಟೆ ಮೊದಲೇ ಕೂತಿರಿ, ಕಾಲೇಜಿನ ಬ್ಯಾಂಡು ಮೈದಾನಕ್ಕೆ ಬರುವುದನ್ನು ತಪ್ಪಿಸಿಕೊಳ್ಳಬೇಡಿ. ನೂರಾರು ಹುಡುಗ ಹುಡುಗಿಯರು ವಾದ್ಯ ಹಿಡಿದು ಓಡಿ ಬಂದು ಸಾಲು ಕಟ್ಟುತ್ತಾರೆ, ಆಮೇಲೆ ಆಟಗಾರರು ಸುರಂಗದಿಂದ ಹೊರಬಂದು 'ಗೋ ಬ್ಲೂ' ಬ್ಯಾನರನ್ನು ಎಗರಿ ಮುಟ್ಟಿ ಮುಂದೆ ಓಡುತ್ತಾರೆ, ಲಕ್ಷ ಜನ ಎದ್ದು ಕೂಗುತ್ತಾರೆ. ಅರ್ಧ ಆಟ ಮುಗಿದಾಗ ಮತ್ತೆ ಬ್ಯಾಂಡು. ಅದನ್ನು ನೋಡಿಕೊಂಡು ಸಾಕು ಅನ್ನಿಸಿದರೆ ಎದ್ದು ಬನ್ನಿ, ಅವಮಾನ ಏನಿಲ್ಲ. ಆದರೆ ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟ್ಟಲ್ಲಿ ಮತ್ತೆ ಒಳಗೆ ಬಿಡುವುದಿಲ್ಲ, ಗೊತ್ತಿರಲಿ.

ಪ್ರಶ್ನೆ: ನಾವು ಶಿಕಾಗೋ ಹತ್ತಿರ ನೇಪರ್‌ವಿಲ್‌ನಲ್ಲಿದ್ದೇವೆ. ಇಬ್ಬರು ಮಕ್ಕಳು, 8 ಮತ್ತು 11 ವರ್ಷ. ಅಕ್ಟೋಬರಿನಲ್ಲಿ ಒಂದು ಶನಿವಾರ ಬೆಳಿಗ್ಗೆ ಹೊರಟು ಮ್ಯಾಚ್ ನೋಡಿ, ಸಂಜೆ ಡೆಟ್ರಾಯಿಟ್ ಸುತ್ತಿ, ರಾತ್ರಿ ಅಲ್ಲಿ ಸ್ನೇಹಿತರ ಮನೆಯ ಹುಟ್ಟುಹಬ್ಬಕ್ಕೆ ಹೋಗುವ ಪ್ಲಾನ್ ಹಾಕಿದ್ದೇನೆ. ಹೆಂಡತಿ ಇದು ಆಗೋ ಮಾತಲ್ಲ ಅಂತಾಳೆ. ಯಾರು ಸರಿ?
(ನೇಪರ್‌ವಿಲ್‌ನ ಓದುಗ)

ನಿಮ್ಮ ಹೆಂಡತಿ ಸರಿ.

ಕಾರಣ ಹೇಳುತ್ತೇನೆ. ಮೊದಲನೆಯದಾಗಿ, ಆಟ ಎಷ್ಟು ಗಂಟೆಗೆ ಅನ್ನೋದು ನಿಮ್ಮ ಕೈಯಲ್ಲೂ ಇಲ್ಲ, ವಿಶ್ವವಿದ್ಯಾಲಯದ ಕೈಯಲ್ಲೂ ಇಲ್ಲ, ಟೀವಿಯವರ ಕೈಯಲ್ಲಿದೆ. ಯಾವ ಶನಿವಾರ, ಯಾರ ಮೇಲೆ ಅನ್ನೋದು ಬಹಳ ಮೊದಲೇ ಗೊತ್ತಿರುತ್ತದೆ. ಗಂಟೆ ಮಾತ್ರ ಹೆಚ್ಚಿನ ಆಟಗಳಿಗೆ 12 ದಿನ ಇರುವಾಗ, ಕೆಲವೊಮ್ಮೆ ಇನ್ನು 6 ದಿನ ಇದೆ ಅನ್ನುವಾಗ ಗೊತ್ತಾಗುತ್ತದೆ. ಮಧ್ಯಾಹ್ನ 12 ಇರಬಹುದು, ಮೂರೂವರೆ ಇರಬಹುದು, ರಾತ್ರಿ ಏಳೂವರೆಯೂ ಇರಬಹುದು. ಫಾಕ್ಸ್‌ನವರಿಗೆ ಹನ್ನೆರಡರ ಆಟ ಬೇಕು, ಸಿಬಿಎಸ್‌ಗೆ ಮೂರೂವರೆಯದು, ಎನ್‌ಬಿಸಿಗೆ ರಾತ್ರಿಯದು. ಈಗಲೇ ಹುಟ್ಟುಹಬ್ಬಕ್ಕೆ ಬರುತ್ತೇವೆ ಅಂತ ಮಾತು ಕೊಟ್ಟರೆ ಆ ಮಾತು ಉಳಿಸಿಕೊಳ್ಳುವುದು ಹೇಗೆ?

ಎರಡನೆಯದು, ಆಟ ಅಂದರೆ ಹದಿನೈದು ನಿಮಿಷದ ನಾಲ್ಕು ಭಾಗ, ಒಟ್ಟು ಒಂದು ಗಂಟೆ ಅಂತ ಯಾರೋ ಹೇಳಿರಬಹುದು. ಗಡಿಯಾರ ನಿಲ್ಲುತ್ತಾ ಓಡುತ್ತಾ, ಮಧ್ಯೆ ಜಾಹೀರಾತು ಬರುತ್ತಾ, 20 ನಿಮಿಷದ ವಿರಾಮವೂ ಸೇರಿ ಅದು ಸುಮಾರು ಮೂರೂವರೆ ಗಂಟೆ ಎಳೆಯುತ್ತದೆ. ಸಮ ಸಮ ಆದರೆ ಇನ್ನೂ ಜಾಸ್ತಿ. ಎಂಟು ಮೈಲಿಯೊಳಗೆ ಸಿಡಿಲು ಹೊಡೆದರೆ ಆಟ ನಿಲ್ಲಿಸಿ ಎಲ್ಲರನ್ನೂ ಒಳಗೆ ಸರಿಯಲು ಹೇಳುತ್ತಾರೆ, ಕೊನೆಯ ಸಿಡಿಲಿನಿಂದ ಅರ್ಧ ಗಂಟೆ ಕಾಯಬೇಕು, ಇನ್ನೊಂದು ಹೊಡೆದರೆ ಲೆಕ್ಕ ಮತ್ತೆ ಮೊದಲಿನಿಂದ. ಆಮೇಲೆ ಲಕ್ಷ ಜನ ಒಟ್ಟಿಗೆ ರಸ್ತೆಗಿಳಿಯುತ್ತಾರೆ.

ಮೂರನೆಯದು ಶಿಕಾಗೋದವರು ಪದೇ ಪದೇ ಮರೆಯುವ ವಿಷಯ: ಮಿಷಿಗನ್ ನಿಮಗಿಂತ ಒಂದು ಗಂಟೆ ಮುಂದೆ. ಐ-94 ಹೆದ್ದಾರಿಯಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ, ನೀವು ಬೆಳಿಗ್ಗೆ 7ಕ್ಕೆ ಹೊರಟರೆ ಅಲ್ಲಿಗೆ ತಲುಪುವಾಗ 11 ಅಲ್ಲ, 12. ಆಟ ಹನ್ನೆರಡಕ್ಕಿದ್ದರೆ ನೀವು ಪಾರ್ಕಿಂಗ್ ಹುಡುಕುತ್ತಿರುವಾಗ ಒಳಗಿನ ಕೂಗು ಕೇಳಿಸುತ್ತದೆ.

ನನ್ನ ಸಲಹೆ ಹೀಗೆ. ಶುಕ್ರವಾರ ಮಕ್ಕಳು ಸ್ಕೂಲಿನಿಂದ ಬಂದ ಕೂಡಲೇ ಹೊರಡಿ. ದಾರಿಯಲ್ಲಿ ಕಲಮಜೂ, ಬ್ಯಾಟಲ್ ಕ್ರೀಕ್ ಸಿಗುತ್ತವೆ, ಬ್ಯಾಟಲ್ ಕ್ರೀಕ್ ಅಂದರೆ ಕೆಲಾಗ್ಸ್ ಕಾರ್ನ್‌ಫ್ಲೇಕ್ಸ್ ಹುಟ್ಟಿದ ಊರು, ಮಕ್ಕಳಿಗೆ ಹೇಳಲು ಒಂದು ಕಥೆ ಆಯಿತು. ಶನಿವಾರ ಪೂರ್ತಿ ಆಟಕ್ಕೇ ಬಿಡಿ. ಆಟ ಮೂರೂವರೆಗೆ ಅಂತಾದರೆ ಬೆಳಿಗ್ಗೆ ಕೆರಿಟೌನ್ ಎಂಬಲ್ಲಿ ರೈತರ ಸಂತೆ ಇರುತ್ತದೆ, ಸೇಬು, ಕುಂಬಳಕಾಯಿ, ಆಪಲ್ ಸೈಡರ್, ಬಿಸಿ ಡೋನಟ್ ಎಲ್ಲ ಸಿಗುತ್ತದೆ. ಅಲ್ಲಿಂದ ಕ್ಯಾಂಪಸ್ಸಿಗೆ ನಡೆದು ಹೋಗಬಹುದು. 'ಡಯಾಗ್' ಎಂಬ ಅಂಗಳದ ನಡುವೆ ನೆಲದಲ್ಲಿ ಹಿತ್ತಾಳೆಯ ದೊಡ್ಡ 'ಎಂ' ಅಕ್ಷರ ಕೂರಿಸಿದ್ದಾರೆ. ಮೊದಲ ಪರೀಕ್ಷೆಗೆ ಮುಂಚೆ ಅದನ್ನು ತುಳಿದರೆ ಫೇಲ್ ಅಂತ ವಿದ್ಯಾರ್ಥಿಗಳ ನಂಬಿಕೆ, ಎಲ್ಲ ಓದುಬರಹ ಬಲ್ಲ ಮಕ್ಕಳು ಅದನ್ನು ಸುತ್ತಿ ಬಳಸಿ ನಡೆಯುವುದನ್ನು ನೋಡುವುದೇ ಒಂದು ಮಜಾ. ಡೆಟ್ರಾಯಿಟ್ ಕಡೆಗೆ ಭಾನುವಾರ ಹೋಗಿ, ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂ ಒಂದನ್ನೇ ನೋಡಿದರೂ ಮಕ್ಕಳಿಗೆ ಅರ್ಧ ದಿನ ಸಾಲದು. ವಾಪಸ್ಸು ಹೋಗುವಾಗ ಗಡಿಯಾರ ಒಂದು ಗಂಟೆ ತಿರುಗಿ ಸಿಗುತ್ತದಲ್ಲ, ಅಷ್ಟು ಲಾಭ.

ಕಾರು ಓಡಿಸಲು ಬೇಜಾರಾದರೆ ಶಿಕಾಗೋದಿಂದ ಆಮ್‌ಟ್ರ್ಯಾಕ್‌ನ 'ವುಲ್ವರಿನ್' ರೈಲು ಆನ್ ಆರ್ಬರ್‌ಗೇ ಬರುತ್ತದೆ. ಆಟದ ವಾರಾಂತ್ಯದಲ್ಲಿ ಬೇಗ ತುಂಬುತ್ತದೆ.

ಪ್ರಶ್ನೆ: ಬೆಂಗಳೂರಿನ ಕಾರು ಬಿಡಿಭಾಗದ ಕಂಪನಿಯಲ್ಲಿ ಎಂಜಿನಿಯರ್. ಆಫೀಸ್ ಕೆಲಸಕ್ಕೆ ಮೂರು ವಾರ ಡೆಟ್ರಾಯಿಟ್ ಹತ್ತಿರ ಇರುತ್ತೇನೆ. ಟಿಕೆಟ್ ಎಲ್ಲಿ ಕೊಳ್ಳೋದು, ಗೇಟ್ ಹತ್ತಿರ ಬ್ಲ್ಯಾಕ್‌ನಲ್ಲಿ ಸಿಗುತ್ತಾ? ಕಾರ್ ಇಲ್ಲ.
(ಪೀಣ್ಯ ಕಡೆಯವನು)

ಬ್ಲ್ಯಾಕ್ ಟಿಕೆಟ್ಟಿನ ಹಳೇ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಕಾಗದದ ಟಿಕೆಟ್ಟೇ ಇಲ್ಲ, ಎಲ್ಲ ಫೋನಿನಲ್ಲಿ. ರಸ್ತೆಯಲ್ಲಿ ಯಾರಾದರೂ ಸ್ಕ್ರೀನ್‌ಶಾಟ್ ಅಥವಾ ಪ್ರಿಂಟ್ ತೋರಿಸಿ ದುಡ್ಡು ಕೇಳಿದರೆ ಮುಂದೆ ನಡೆಯಿರಿ. ವಿಶ್ವವಿದ್ಯಾಲಯದ ಟಿಕೆಟ್ ಆಫೀಸ್ ಮೊದಲು ನೋಡಿ. ಅಲ್ಲಿ ಇಲ್ಲದಿದ್ದರೆ ಸ್ಟಬ್‌ಹಬ್, ಸೀಟ್‌ಗೀಕ್ ತರಹದ ಮರುಮಾರಾಟದ ಕಡೆ ನೋಡಬಹುದು. ಇದನ್ನು ಕಾನೂನುಬದ್ಧ ಬ್ಲ್ಯಾಕ್ ಅಂದರೂ ತಪ್ಪಿಲ್ಲ. ತೋರಿಸುವ ಬೆಲೆಗೆ ಕೊನೆಯಲ್ಲಿ ಶುಲ್ಕ ಸೇರುತ್ತದೆಯೇ ಅಂತ ನೋಡಿಕೊಂಡೇ ಹೋಲಿಸಿ. ಸಣ್ಣ ತಂಡದ ಮೇಲಿನ ಆಟವಾದರೆ ದಿನ ಹತ್ತಿರವಾದಂತೆ ಬೆಲೆ ಇಳಿಯುವುದು ಉಂಟು, ಅವಸರ ಬೇಡ. ಮಿಷಿಗನ್‌ನ ಕಟ್ಟಾ ಎದುರಾಳಿ ಒಹಾಯೋ ಸ್ಟೇಟ್ ತರಹದವರ ಮೇಲಿನ ಆಟವಾದರೆ ಇಳಿಯುತ್ತದೆ ಅಂತ ಕಾದು ಕೂರಬೇಡಿ.

ನಿಮ್ಮಂಥವರಿಗೆ ಇನ್ನೊಂದು ತೊಡಕಿದೆ. ಖಾತೆ ತೆರೆಯುವಾಗ, ಕಾರ್ಡ್ ಬಳಸುವಾಗ ಓಟಿಪಿ ಊರಿನ ನಂಬರಿಗೆ ಹೋಗುತ್ತದೆ, ಇಲ್ಲಿ ಬಂದ ಮೇಲೆ ಹೊಸ ಸಿಮ್ ಹಾಕಿ ಹಳೆಯದನ್ನು ತೆಗೆದಿಟ್ಟಿರುತ್ತೀರಿ. ಬೆಂಗಳೂರಿನಲ್ಲಿರುವಾಗಲೇ ಖಾತೆ ತೆರೆದು ಕಾರ್ಡಿಗೆ ವಿದೇಶದ ವ್ಯವಹಾರ ಆನ್ ಮಾಡಿಕೊಂಡು ಬನ್ನಿ, ಹಳೇ ಸಿಮ್ ರೋಮಿಂಗ್‌ನಲ್ಲಿರಲಿ. ಟಿಕೆಟ್ ಬಂದ ಮೇಲೆ ಅದನ್ನು ಫೋನಿನ ವಾಲೆಟ್‌ಗೆ ಹಿಂದಿನ ರಾತ್ರಿಯೇ ಇಳಿಸಿಕೊಳ್ಳಿ, ಗೇಟಿನಲ್ಲಿ ಲಕ್ಷ ಫೋನು ಒಟ್ಟಿಗೆ ನೆಟ್‌ವರ್ಕ್ ಎಳೆಯುವಾಗ ನಿಮ್ಮ ಚಕ್ರ ತಿರುಗುತ್ತಲೇ ಇರುತ್ತದೆ. ಚಾರ್ಜೂ ತುಂಬಿರಲಿ.

ಕಾರಿಲ್ಲದಿದ್ದರೂ ಆಗುತ್ತದೆ. ಡೆಟ್ರಾಯಿಟ್ ವಿಮಾನ ನಿಲ್ದಾಣದಿಂದ ಆನ್ ಆರ್ಬರ್‌ಗೆ ನೇರ ಬಸ್ಸಿದೆ, ಸುಮಾರು 25 ಮೈಲಿ. ನೀವು ಡಿಯರ್‌ಬಾರ್ನ್‌ನಲ್ಲಿದ್ದರೆ ಆಗಲೇ ಹೇಳಿದ ಅದೇ ರೈಲು ಅಲ್ಲಿಯೂ ನಿಲ್ಲುತ್ತದೆ, ದಿನಕ್ಕೆ ಕೆಲವೇ ಸಲ ಅನ್ನೋದು ನೆನಪಿರಲಿ. ಊಬರ್‌ನಲ್ಲಿ ಹೋಗುವುದು ಸುಲಭ, ವಾಪಸ್ಸು ಬರುವುದೇ ಕಷ್ಟ. ಆಟ ಮುಗಿದ ಕೂಡಲೇ ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಊರೊಳಗೆ ನಡೆದು ಹೋಗಿ, ಏನಾದರೂ ತಿಂದು, ಒಂದೆರಡು ಗಂಟೆ ಬಿಟ್ಟು ಕರೆಯಿರಿ. ಆಫೀಸಿನಲ್ಲಿ ಸ್ಥಳೀಯರು ಯಾರಾದರೂ ಹೋಗುತ್ತಿದ್ದಾರಾ ಅಂತ ಮೊದಲು ಕೇಳಿ ನೋಡಿ. ಆಟದ ಮಾತು ತೆಗೆದರೆ ಇಲ್ಲಿಯ ಜನ ತಾವಾಗಿ ಕಾರಿನಲ್ಲಿ ಜಾಗ ಮಾಡಿಕೊಡುತ್ತಾರೆ.

ಪ್ರಶ್ನೆ: ಟೇಲ್‌ಗೇಟಿಂಗ್ ಅಂತಾರಲ್ಲ, ಕಾರಿನ ಡಿಕ್ಕಿ ತೆಗೆದು ಅಡುಗೆ ಮಾಡಿಕೊಂಡು ತಿನ್ನೋದು. ನಾವು ನಾಲ್ಕು ಕನ್ನಡ ಕುಟುಂಬ ಸೇರಿ ಮಾಡೋಣ ಅಂತಿದ್ದೇವೆ, ಎಲ್ಲ ಸಸ್ಯಾಹಾರಿಗಳು. ಸುತ್ತ ಮಾಂಸ ಸುಡುತ್ತಿರುವಾಗ ನಾವು ಪುಳಿಯೋಗರೆ ಡಬ್ಬಿ ತೆಗೆದರೆ ನಗ್ತಾರಾ?
(ಟ್ರಾಯ್, ಮಿಷಿಗನ್)

ನಗುವುದಿಲ್ಲ, ರುಚಿ ನೋಡಲು ಕೇಳುತ್ತಾರೆ. ಸ್ವಲ್ಪ ಜಾಸ್ತಿಯೇ ಕಲಸಿಕೊಂಡು ಹೋಗಿ.

ಜಾಗದ ವಿಷಯ ಮೊದಲು ಇತ್ಯರ್ಥ ಮಾಡಿಕೊಳ್ಳಿ. ಕ್ರೀಡಾಂಗಣದ ಎದುರೇ ವಿಶ್ವವಿದ್ಯಾಲಯದ ಗಾಲ್ಫ್ ಮೈದಾನ ಇದೆ, ಆಟದ ದಿನ ಅದರ ಹುಲ್ಲಿನ ಮೇಲೆಲ್ಲ ಕಾರು. ಪಕ್ಕದ ಪಯೊನೀರ್ ಹೈಸ್ಕೂಲಿನ ಜಾಗವೂ ಹಾಗೇ. ಸುತ್ತಲಿನ ಮನೆಯವರು ತಮ್ಮ ಅಂಗಳದಲ್ಲೇ ಹತ್ತಾರು ಕಾರು ನಿಲ್ಲಿಸಿಕೊಂಡು ದುಡ್ಡು ತೆಗೆದುಕೊಳ್ಳುತ್ತಾರೆ, ಕೆಲವರ ಮನೆ ತೆರಿಗೆ ಅದರಲ್ಲೇ ಹುಟ್ಟುತ್ತದೇನೋ ಅಂತ ನನ್ನ ಗುಮಾನಿ. ನಾಲ್ಕು ಕಾರು ಒಟ್ಟಿಗೆ ನಿಲ್ಲಬೇಕೆಂದರೆ ನಾಲ್ಕೂ ಒಟ್ಟಿಗೆ, ಒಂದರ ಹಿಂದೆ ಒಂದು ಬರಬೇಕು. ಮುಂದೆ ಬಂದವರು ಹಿಂದಿನವರಿಗೆ ಜಾಗ ಹಿಡಿದಿಡಲು ಹೋದರೆ ಜಗಳ ಗ್ಯಾರಂಟಿ. ಆಟಕ್ಕೆ ನಾಲ್ಕು ಗಂಟೆ ಮೊದಲು ಅಲ್ಲಿದ್ದರೆ ನಿರಾಳ.

ಅಡುಗೆ ಅಲ್ಲೇ ಮಾಡುವ ಹುಮ್ಮಸ್ಸು ಬೇಡ. ಹನ್ನೆರಡರ ಆಟವಾದರೆ ಬೆಳಿಗ್ಗೆ 8ಕ್ಕೇ ಅಲ್ಲಿರಬೇಕು, ಆಗ ಗಾಳಿಗೆ ಒಲೆ ಹತ್ತಿಸಿ ದೋಸೆ ಹುಯ್ಯುವ ಸಾಹಸ ಯಾಕೆ? ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ಹಿಂದಿನ ದಿನದ್ದೇ ಚೆನ್ನ. ಚಕ್ಕುಲಿ, ಕೋಡುಬಳೆ, ಖಾರದ ಕಡಲೆಬೀಜ. ಥರ್ಮಾಸಿನಲ್ಲಿ ಫಿಲ್ಟರ್ ಕಾಫಿ, ಅಕ್ಟೋಬರ್ ಆದಮೇಲಂತೂ ಇದು ಕಡ್ಡಾಯ. ಒಂದು ಸಣ್ಣ ಗ್ರಿಲ್ ಇದ್ದರೆ ಪನೀರ್, ದೊಣ್ಣೆಮೆಣಸಿನಕಾಯಿ, ಮುಸುಕಿನ ಜೋಳ ಸುಡಿ, ಜೋಳಕ್ಕೆ ನಿಂಬೆ ಉಪ್ಪು ಖಾರದಪುಡಿ ಸವರಿ ಪಕ್ಕದವರಿಗೆ ಕೊಟ್ಟರೆ ಅರ್ಧ ಗಂಟೆಯಲ್ಲಿ ನಿಮ್ಮ ಮುಂದೆ ಸಾಲು ನಿಲ್ಲುತ್ತದೆ. ಕೆಂಡ ಸುರಿಯಲು ಬೇರೆ ಡಬ್ಬ ಇಟ್ಟಿರುತ್ತಾರೆ, ಹುಲ್ಲಿನ ಮೇಲೆ ಚೆಲ್ಲಬೇಡಿ.

ಒಳಗೆ ಸಸ್ಯಾಹಾರಿಗಳಿಗೆ ಪ್ರೆಟ್ಜೆಲ್, ಪಾಪ್‌ಕಾರ್ನ್, ನಾಚೋಸ್, ಪಿಜ್ಜಾ ಅಷ್ಟೇ, ಬೆಲೆಯೂ ಜಾಸ್ತಿ. ಹೊರಗೇ ಹೊಟ್ಟೆ ತುಂಬಿಸಿಕೊಂಡು ಹೋಗಿ. ರಾತ್ರಿ ಊಟಕ್ಕೆ ಆನ್ ಆರ್ಬರ್‌ನಲ್ಲಿ 'ಸೇವಾ' ಅಂತ ಹಳೆಯ ಸಸ್ಯಾಹಾರಿ ಹೋಟೆಲಿದೆ. ಹೆಸರು ಕೇಳಿ ಉಡುಪಿ ಹೋಟೆಲ್ ಅಂದುಕೊಳ್ಳಬೇಡಿ, ಅಮೆರಿಕನ್ ಶೈಲಿಯದು.

ಕುಡಿಯುವವರಿಗೆ ಒಂದು ಮಾತು, ಮುಖ್ಯವಾಗಿ ವಿದ್ಯಾರ್ಥಿ ಅಥವಾ ಕೆಲಸದ ವೀಸಾದಲ್ಲಿರುವವರಿಗೆ. 21 ತುಂಬದವರ ಕೈಯಲ್ಲಿ ಬಿಯರ್ ಡಬ್ಬಿ ಇದ್ದರೂ ಪೊಲೀಸರು ಚೀಟಿ ಬರೆಯುತ್ತಾರೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ವೀಸಾ ರದ್ದಾಗುವವರೆಗೂ ಹೋಗಬಹುದು. ಓಡಿಸುವವರು ಯಾರು ಅಂತ ಮನೆಯಲ್ಲೇ ತೀರ್ಮಾನ ಮಾಡಿ, ಅವರಿಗೆ ಕಾಫಿ ಮಾತ್ರ.

ಪ್ರಶ್ನೆ: ನಾನು ಓದುವುದು ಕೊಲಂಬಸ್‌ನಲ್ಲಿ, ಒಹಾಯೋ ಸ್ಟೇಟ್. ನವೆಂಬರ್ ಕೊನೆಯ ಮಿಷಿಗನ್ ಮ್ಯಾಚಿಗೆ ಆನ್ ಆರ್ಬರ್‌ಗೆ ಬರಬೇಕು ಅಂತ ಆಸೆ. ನಮ್ಮ ಕೆಂಪು ಜೆರ್ಸಿ ಹಾಕಿಕೊಂಡು ಬಂದರೆ ಹೊಡೀತಾರಾ? ಅಮ್ಮ ಮಂಗಳೂರಿನಿಂದ ಫೋನ್ ಮಾಡಿ ಬೇಡವೇ ಬೇಡ ಅಂತಿದ್ದಾರೆ.
(ವಿದ್ಯಾರ್ಥಿ, ಕೊಲಂಬಸ್)

ತಮ್ಮಾ, ಹೊಡೆಯುವುದಿಲ್ಲ, ಆದರೆ ಬಾಯಿಗೆ ಬಂದದ್ದು ಅನ್ನುತ್ತಾರೆ, ಅದನ್ನು ನಕ್ಕು ನುಂಗುವ ಶಕ್ತಿ ಇದ್ದರೆ ಬಾ. ಈ ಎರಡು ಕಾಲೇಜು ಮೊದಲು ಆಡಿದ್ದು 1897ರಲ್ಲಿ. ನಿಮ್ಮ ಹಳೇ ಕಾಲದ ಕೋಚ್ ವುಡಿ ಹೇಯ್ಸ್ ಮಿಷಿಗನ್ ಹೆಸರನ್ನೇ ಬಾಯಲ್ಲಿ ತರದೆ 'ಉತ್ತರದ ಆ ತಂಡ' ಅನ್ನುತ್ತಿದ್ದರು. ಆಟದ ವಾರ ನಿಮ್ಮ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ 'ಎಂ' ಅಕ್ಷರದ ಮೇಲೆಲ್ಲ ಕೆಂಪು ಟೇಪು ಅಂಟಿಸುವುದನ್ನು ನೀನೇ ನೋಡಿರುತ್ತೀಯ. 2024ರಲ್ಲಿ ಕೊಲಂಬಸ್‌ನಲ್ಲಿ ಮಿಷಿಗನ್ 13-10ರಲ್ಲಿ ಗೆದ್ದ ಮೇಲೆ ಮೈದಾನದ ನಡುವೆ ಬಾವುಟ ನೆಡಲು ಹೋಗಿ ಆಟಗಾರರೇ ಹೊಡೆದಾಡಿಕೊಂಡರು, ಪೊಲೀಸರು ಪೆಪ್ಪರ್ ಸ್ಪ್ರೇ ಹಾಕಬೇಕಾಯಿತು. ಅಮ್ಮ ಅದನ್ನು ಫೋನಿನಲ್ಲಿ ನೋಡಿರಬೇಕು. ಅದು ಮೈದಾನದೊಳಗಿನ ಕಥೆ. ಮೇಲೆ ಕೂತವರಲ್ಲಿ ಅಪ್ಪ ಅಮ್ಮ, ಅಜ್ಜ ಅಜ್ಜಿ, ಮಕ್ಕಳೇ ಹೆಚ್ಚು.

ಈ ಆಟ ಆನ್ ಆರ್ಬರ್‌ನಲ್ಲಿ ನಡೆಯುವುದು ಬೆಸ ವರ್ಷಗಳಲ್ಲಿ, ಸಮ ವರ್ಷಗಳಲ್ಲಿ ನಿಮ್ಮೂರಲ್ಲಿ. ಒಬ್ಬನೇ ಬರಬೇಡ, ಒಹಾಯೋದವರ ಗುಂಪಿನಲ್ಲೇ ಟಿಕೆಟ್ ತೆಗೆ. ಗೆದ್ದರೆ ಹೊರಗೆ ಬಂದ ಮೇಲೆ ಕೂಗಾಡಬೇಡ, ಕಾರಿಗೆ ಹೋಗುವವರೆಗೆ ಮುಖ ಸಪ್ಪೆ ಇರಲಿ. ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯ ಆದ್ದರಿಂದ ರಸ್ತೆ ಪೂರ್ತಿ ಜಾಮ್. ಚಳಿ ಶೂನ್ಯಕ್ಕಿಂತ ಕೆಳಗಿರಬಹುದು, ಹಿಮ ಬೀಳಬಹುದು. ಮಂಗಳೂರಿನವನಿಗೆ ಬೇರೆ ಹೇಳಬೇಕಾ? ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕು. ಕಾಲಡಿ ಕಾಂಕ್ರೀಟು, ಕೆಳಗಿನಿಂದ ಚಳಿ ಏರುತ್ತದೆ, ಒಂದು ರಟ್ಟಿನ ತುಂಡು ಸಿಕ್ಕಿದರೆ ಅದರ ಮೇಲೆ ನಿಂತುಕೋ.

ಮೊದಲ ಸಲ ಕಾಲೇಜ್ ಫುಟ್‌ಬಾಲ್ ನೋಡುವವರಿಗೆ ಮಾತ್ರ ಈ ಆಟವನ್ನು ನಾನು ಹೇಳುವುದಿಲ್ಲ. ದುಬಾರಿ, ಚಳಿ, ಸುತ್ತಲಿನವರ ಮನಸ್ಸೂ ಬಿಗಿದಿರುತ್ತದೆ, ಯಾರೂ ನಿಮಗೆ ನಿಯಮ ವಿವರಿಸುವ ಸ್ಥಿತಿಯಲ್ಲಿ ಇರುವುದಿಲ್ಲ. ಸೆಪ್ಟೆಂಬರಿನ ಒಂದು ಸುಲಭದ ಆಟ ಸಾಕು.

ಪ್ರಶ್ನೆ: ಹೋದ ವರ್ಷ ಆನ್ ಆರ್ಬರ್ ಹತ್ತಿರ ಒಂದು ಹೋಟೆಲ್ ಬುಕ್ ಮಾಡಿದ್ದೆವು. ರಾತ್ರಿ ಒಂದು ಗಂಟೆಗೆ ತಲುಪಿದರೆ ನಮ್ಮ ರೂಮು ಬೇರೆಯವರಿಗೆ ಕೊಟ್ಟಾಗಿತ್ತು. ಮಕ್ಕಳನ್ನು ಕಟ್ಟಿಕೊಂಡು ಪರದಾಡಿದೆವು. ಈ ಸಲ ಏನು ಮಾಡೋದು?
(ಹೆಸರು ಬೇಡ, ಇಂಡಿಯಾನಾ)

ಆಟದ ವಾರಾಂತ್ಯದಲ್ಲಿ ಇಂಥದ್ದು ಕೇಳಿ ಬರುತ್ತದೆ. ತಡವಾಗಿ ಬರುತ್ತೇವೆ ಅಂತ ಆ ದಿನ ಸಂಜೆ ಹೋಟೆಲಿಗೇ ಫೋನ್ ಮಾಡಿ, ಬುಕ್ ಮಾಡಿದ ಆ್ಯಪ್‌ಗೆ ಅಲ್ಲ, ನೇರ ಕೌಂಟರಿಗೆ. ಯಾರ ಜೊತೆ ಮಾತಾಡಿದಿರಿ ಅಂತ ಹೆಸರು ಬರೆದಿಟ್ಟುಕೊಳ್ಳಿ. ವಾರದ ಮೊದಲೂ ಒಮ್ಮೆ ಖಚಿತ ಮಾಡಿಕೊಳ್ಳಿ. ಎರಡು ರಾತ್ರಿ ಕಡ್ಡಾಯ ಅನ್ನುವ ಹೋಟೆಲುಗಳೂ ಇವೆ, ಅದನ್ನು ಹಣ ಕಟ್ಟುವ ಮೊದಲೇ ಓದಿ.

ಇನ್ನೂ ಒಳ್ಳೆಯದು, ಆನ್ ಆರ್ಬರ್ ಆಸೆಯನ್ನೇ ಬಿಡುವುದು. ಕ್ಯಾಂಟನ್, ನೋವೈ ಕಡೆ ನೋಡಿ. ಅರ್ಧ ಮುಕ್ಕಾಲು ಗಂಟೆಯ ದಾರಿ, ನಮ್ಮ ಜನ ತುಂಬ ಇದ್ದಾರೆ, ಇಡ್ಲಿ ದೋಸೆ ಸಿಗುತ್ತದೆ, ನೋವೈನಲ್ಲಿ ವೆಂಕಟೇಶ್ವರ ದೇವಸ್ಥಾನವೂ ಇದೆ, ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಹೊರಡಬಹುದು. ದಕ್ಷಿಣದಿಂದ ಬರುವ ನಿಮ್ಮಂಥವರಿಗೆ ಟೊಲೀಡೋ ಕೂಡ ಆಗುತ್ತದೆ.

ಪ್ರಶ್ನೆ: ಕಾಲೇಜು ಹುಡುಗರ ಆಟಕ್ಕೆ ಲಕ್ಷ ಜನ ಯಾಕೆ ಸಾರ್? ನಮ್ಮಲ್ಲಿ ಯೂನಿವರ್ಸಿಟಿ ಕ್ರಿಕೆಟ್ ಮ್ಯಾಚಿಗೆ ಆಡುವವರ ಅಪ್ಪಂದಿರೂ ಬರಲ್ಲ. ಮತ್ತೆ ಆ ಆಟ ಅರ್ಥ ಆಗೋದು ಹೇಗೆ?
(ದಾವಣಗೆರೆ)

ಕಾರಣ ಇತಿಹಾಸದಲ್ಲಿದೆ. ಅಲ್ಲಿ ಕಾಲೇಜುಗಳು ಆಡಲು ಶುರು ಮಾಡಿದ್ದು 1869ರಲ್ಲಿ, ಮಿಷಿಗನ್ ಶುರು ಮಾಡಿದ್ದು 1879ರಲ್ಲಿ, ವೃತ್ತಿಪರರ ಎನ್‌ಎಫ್‌ಎಲ್ ಹುಟ್ಟಿದ್ದು 1920ರಲ್ಲಿ. ಅಷ್ಟರಲ್ಲಿ ಊರೂರಿನ ನಿಷ್ಠೆ ಕಾಲೇಜಿಗೆ ಅಂಟಿಬಿಟ್ಟಿತ್ತು. ಆನ್ ಆರ್ಬರ್‌ನಲ್ಲಿ 1975ರ ನವೆಂಬರಿನಿಂದ ಕೋವಿಡ್ ವರ್ಷ ಬಿಟ್ಟರೆ ಪ್ರತಿ ಆಟಕ್ಕೂ ಲಕ್ಷಕ್ಕಿಂತ ಜಾಸ್ತಿ ಜನ ಬಂದಿದ್ದಾರೆ. ಬರೀ ಹುಡುಗಾಟ ಅಂತ ಈಗ ಹೇಳುವಂತೆಯೂ ಇಲ್ಲ. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತಿನಿಂದ ಸಂಪಾದಿಸಬಹುದು, 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಇದರಿಂದ ಆಟದ ಸೊಗಸು ಕೆಟ್ಟಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕೋಚ್ ಕೋಟಿಗಟ್ಟಲೆ ಎಣಿಸುವಾಗ ಮೂಳೆ ಮುರಿದುಕೊಳ್ಳುವ ಹುಡುಗ ಮಾತ್ರ ಪುಕ್ಕಟೆ ಆಡಬೇಕಾ?

ನಿಯಮ ಇಷ್ಟು ತಿಳಿದರೆ ಸಾಕು. ಎರಡೂ ಕಡೆ 11 ಜನ, 100 ಗಜದ ಮೈದಾನ. ಚೆಂಡು ಇರುವ ತಂಡಕ್ಕೆ 10 ಗಜ ಮುಂದೆ ಹೋಗಲು 4 ಅವಕಾಶ, ಓವರಿಗೆ 6 ಎಸೆತ ಇದ್ದಂತೆ. ಅಷ್ಟರೊಳಗೆ 10 ಗಜ ದಾಟಿದರೆ ಮತ್ತೆ ಹೊಸ 4, ದಾಟದಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ಮೂರರಲ್ಲಿ ಆಗದಿದ್ದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಾರೆ. ಕೊನೆಯ ಗೆರೆ ದಾಟಿದರೆ 6 ಅಂಕ, ಆಮೇಲೆ ಒದ್ದು ಇನ್ನೊಂದು. ದಾಟಲು ಆಗದೆ ಕಂಬಗಳ ನಡುವೆ ಒದ್ದರೆ 3. ಮೂರನೇ ಅವಕಾಶ ಬಂದಾಗ, ಎದುರಾಳಿಯ ಕೈಯಲ್ಲಿ ಚೆಂಡಿದ್ದರೆ, ಇಡೀ ಕ್ರೀಡಾಂಗಣ ಕಿರುಚುತ್ತದೆ, ಅವರ ಮಾತು ಅವರಿಗೇ ಕೇಳದಿರಲಿ ಅಂತ. ನೀವೂ ಕಿರುಚಬಹುದು.

ಪ್ರಶ್ನೆ: ಎಲ್ಲ ಓದಿದೆ, ಆದರೆ ಟಿಕೆಟ್, ಹೋಟೆಲು, ಪಾರ್ಕಿಂಗ್ ಸೇರಿದರೆ ನಮ್ಮ ಬಜೆಟ್ಟಿಗೆ ಆಗದ ಮಾತು. ಗಂಡ ಇನ್ನೂ ವಿದ್ಯಾರ್ಥಿ. ಬೇರೆ ದಾರಿ ಇದೆಯಾ?
(ಗೃಹಿಣಿ, ಈಸ್ಟ್ ಲ್ಯಾನ್ಸಿಂಗ್)

ಇದೆ, ಅದೂ ಚೆನ್ನಾಗಿದೆ. ಆನ್ ಆರ್ಬರ್ ಪಕ್ಕದ ಇಪ್ಸಿಲಾಂಟಿಯಲ್ಲಿ ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯ ಇದೆ. ಕ್ರೀಡಾಂಗಣದಲ್ಲಿ ಹಿಡಿಯುವುದು ಸುಮಾರು 30 ಸಾವಿರ, ತುಂಬುವುದು ಅಪರೂಪ. ಮೈದಾನದ ಬಣ್ಣ ಹಸಿರಲ್ಲ, ಬೂದು, ಮಕ್ಕಳಿಗೆ ಅದೇ ದೊಡ್ಡ ವಿಚಿತ್ರ. ಟಿಕೆಟ್ ಬೆಲೆ ಆನ್ ಆರ್ಬರಿನ ಹತ್ತಿರಕ್ಕೂ ಬರುವುದಿಲ್ಲ, ಕಾರು ನಿಲ್ಲಿಸುವುದು ಸುಲಭ, ಆಟಗಾರರು ಹತ್ತಿರದಿಂದ ಕಾಣುತ್ತಾರೆ, ಬ್ಯಾಂಡೂ ಇದೆ. ನಿಮ್ಮೂರಿಂದ ಒಂದೂಕಾಲು ಗಂಟೆ ಇರಬಹುದು, ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಬಂದರೆ ಹೋಟೆಲ್ ಖರ್ಚೂ ಇಲ್ಲ. ಸೆಪ್ಟೆಂಬರ್, ಅಕ್ಟೋಬರಿನ ಶನಿವಾರವನ್ನೇ ಆರಿಸಿ, ಯಾಕೆಂದರೆ ನವೆಂಬರಿನಲ್ಲಿ ಈಸ್ಟರ್ನ್ ಮಿಷಿಗನ್ ಆಡುವ ಕಾಲೇಜು ಗುಂಪಿನ ಆಟಗಳನ್ನು ಟೀವಿಗಾಗಿ ಮಂಗಳವಾರ, ಬುಧವಾರ ರಾತ್ರಿಗೆ ಹಾಕಿಬಿಡುತ್ತಾರೆ.

ಅಂದಹಾಗೆ ನೀವಿರುವ ಊರಿನಲ್ಲೇ ಮಿಷಿಗನ್ ಸ್ಟೇಟ್ ಇದೆ. ನಿಮ್ಮವರು ಓದುತ್ತಿರುವುದು ಅಲ್ಲೇ ಆದರೆ ಅವರಿಗೆ ವಿದ್ಯಾರ್ಥಿ ದರದ ಟಿಕೆಟ್ ಸಿಗಬಹುದು, ಸಂಗಾತಿಗೆ ಏನು ವ್ಯವಸ್ಥೆ ಅಂತ ಟಿಕೆಟ್ ಆಫೀಸಿನಲ್ಲಿ ಸೀಸನ್ ಶುರುವಾಗುವ ಮೊದಲೇ ಕೇಳಲು ಹೇಳಿ. ಹೋಗುವಾಗ ಅವರ ಬಣ್ಣವಾದ ಹಸಿರು ಬಟ್ಟೆ ಹಾಕಿಕೊಳ್ಳಿ, ಆನ್ ಆರ್ಬರಿನವರ ಬಣ್ಣದ ನೀಲಿ ಹಳದಿ ಸೀರೆ ಬೀರುವಿನಲ್ಲೇ ಇರಲಿ.